ಗಿಟಾರಿನ ಟಾಪ್ (ಮುಂಭಾಗದ ಹಲಗೆ) ಬಿರುಕು ಬಿಟ್ಟಿದೆ. ಒಳಗಿಂದ ಅಂಟಿಸುವ ಮರದ ತುಂಡಿನ ಎಳೆ, ಅಂದರೆ ನಾರಿನ ಗೆರೆ, ಬಿರುಕಿನ ಉದ್ದಕ್ಕೆ ಇರಬೇಕಾ, ಅಡ್ಡಕ್ಕೆ ಇರಬೇಕಾ?

ಅಡ್ಡಕ್ಕೆ. ನಾನೂ ಅಡ್ಡಕ್ಕೇ ಹಾಕಿದ್ದೆ. ಆದರೂ ಒಂದು ಬಿರುಕು ಇದ್ದದ್ದು ಮೂರಾಯಿತು.

ನನ್ನದು ಸ್ಪ್ರೂಸ್ ಅನ್ನುವ ಮೃದು ಮರದ ಟಾಪ್. ಬ್ರಿಡ್ಜ್ (ತಂತಿಗಳ ಕೆಳತುದಿ ಸಿಕ್ಕಿಸುವ ಮರದ ಪಟ್ಟಿ) ಹಿಂದಿನಿಂದ ಕೆಳಗಿನ ಅಂಚಿನವರೆಗೆ ಕೂದಲಿನಷ್ಟು ತೆಳು ಸೀಳು. ಬೆರಳಲ್ಲಿ ಒತ್ತಿದರೆ ಒಂದು ಬದಿ ಸ್ವಲ್ಪ ಕೆಳಗಿಳಿಯುತ್ತಿತ್ತು. ಗಟ್ಟಿಯಾಗಿರಲಿ ಅಂತ 2 ಮಿ.ಮೀ. ದಪ್ಪದ, 6 ಸೆಂ.ಮೀ. ಅಗಲದ ಒಂದೇ ಚೌಕ ತುಂಡು ಕತ್ತರಿಸಿ ಅಂಟಿಸಿದೆ. ಕೆಲವು ತಿಂಗಳು ಏನೂ ಆಗಲಿಲ್ಲ. ಹವೆ ಒಣಗಿದ ಮೇಲೆ ಒಂದು ದಿನ ತಂತಿ ಬದಲಾಯಿಸುತ್ತಾ ಟಾಪನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಹಳೇ ಬಿರುಕು ಹಾಗೇ ಗಟ್ಟಿಯಾಗಿತ್ತು. ಅದರ ಎರಡೂ ಪಕ್ಕದಲ್ಲಿ, ಒಂದೊಂದು 3 ಸೆಂ.ಮೀ. ದೂರದಲ್ಲಿ, ಹೊಸ ಗೆರೆಗಳು. ಸರಿಯಾಗಿ ನಾನು ಅಂಟಿಸಿದ ತುಂಡಿನ ಅಂಚು ಮುಗಿಯುವ ಜಾಗದಲ್ಲಿ.

ಯಾಕೆ ಹೀಗಾಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದು ಗೊತ್ತಿಲ್ಲದೆ ಎಷ್ಟೋ ಟಾಪ್‌ಗಳು ಹಾಳಾಗುತ್ತವೆ. ಮರ ಎಳೆಯ ಉದ್ದಕ್ಕೆ ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ. ಎಳೆಗೆ ಅಡ್ಡವಾಗಿ ಮಾತ್ರ ಕುಗ್ಗುತ್ತದೆ, ಹಿಗ್ಗುತ್ತದೆ. ಮರದೊಳಗಿನ ತೇವ 10 ಶೇಕಡದಿಂದ 6ಕ್ಕೆ ಇಳಿದರೆ, 6 ಸೆಂ.ಮೀ. ಅಗಲದ ಸ್ಪ್ರೂಸ್ ಟಾಪ್ ಸುಮಾರು 0.3 ಮಿ.ಮೀ. ಕುಗ್ಗಬೇಕು. ನನ್ನ ತುಂಡಿನ ಎಳೆ ಅದೇ ದಿಕ್ಕಿಗೆ ಮಲಗಿತ್ತಲ್ವಾ, ಅದು ಕುಗ್ಗಲಿಲ್ಲ, ಟಾಪನ್ನೂ ಕುಗ್ಗಲು ಬಿಡಲಿಲ್ಲ. ಅದರ ಮೇಲೆ ಅಂಚನ್ನು ಸವೆಸದೆ ನೇರವಾಗಿ ಬಿಟ್ಟಿದ್ದೆ. ಆ ನೇರ ಅಂಚು ಟಾಪ್‌ನ ಒಂದೇ ಎಳೆಯ ಮೇಲೆ ಉದ್ದಕ್ಕೂ ಕೂತಿತ್ತು. ಎಳೆತವೆಲ್ಲ ಆ ಒಂದು ಗೆರೆಗೆ ಬಿತ್ತು, ಅಲ್ಲೇ ಸೀಳಿತು.

ಹಾಗಂತ ಎಳೆಯನ್ನು ಬಿರುಕಿನ ಉದ್ದಕ್ಕೆ ಹಾಕಬೇಡಿ. ಒಂದು ತೆಳು ಸ್ಪ್ರೂಸ್ ಚೂರನ್ನು ಕೈಯಲ್ಲಿ ಎರಡೂ ಕಡೆಗೆ ಬಗ್ಗಿಸಿ ನೋಡಿ. ಎಳೆಯ ಉದ್ದಕ್ಕೆ ಬಿಸ್ಕತ್ತಿನ ಹಾಗೆ ಸೀಳಿಕೊಳ್ಳುತ್ತದೆ. ಅಂಥ ತುಂಡು ಬಿರುಕಿನ ಜೊತೆಗೇ ಸೀಳಿ ಹೋಗುತ್ತದೆ.

ಹಾಗಾಗಿ ನೀವು ಕೇಳಬೇಕಾದದ್ದು ದಿಕ್ಕಿಗಿಂತ ಜಾಸ್ತಿ ಗಾತ್ರದ ಬಗ್ಗೆ. ಹಳೇ ತುಂಡನ್ನು ಬಿಸಿ ಚಾಕುವಿನಿಂದ ಎಬ್ಬಿಸಲು ನನಗೆ ಎರಡು ಸಂಜೆ ಹಿಡಿಯಿತು. ಟಾಪ್‌ನ ಒಂದಿಷ್ಟು ನಾರೂ ಅದರ ಜೊತೆ ಕಿತ್ತು ಬಂತು, ಅದು ಈಗಲೂ ಬೇಜಾರು. ಆಮೇಲೆ 15 ಮಿ.ಮೀ.ನ ಪುಟ್ಟ ತುಂಡುಗಳನ್ನು 4 ಸೆಂ.ಮೀ.ಗೊಂದರಂತೆ ಮೂರೂ ಬಿರುಕಿನ ಮೇಲೆ ಹಾಕಿದೆ. ಅಷ್ಟು ಅಗಲದಲ್ಲಿ ಟಾಪ್ ಕುಗ್ಗುವುದು 0.1 ಮಿ.ಮೀ.ಗಿಂತ ಕಮ್ಮಿ, ಅದನ್ನು ಮರ ತಡೆದುಕೊಳ್ಳುತ್ತದೆ. ತುಂಡುಗಳನ್ನು ಗಾಳಿಪಟದ ಹಾಗೆ ಮೂಲೆ ಮೇಲೆ ಮಾಡಿ ಕೂರಿಸಿ, ಆಗ ಅಂಚು ಒಂದೇ ಎಳೆಯ ಮೇಲೆ ಬೀಳುವುದಿಲ್ಲ. ತುಂಡಿನ ಎಳೆ ಮಾತ್ರ ಬಿರುಕಿಗೆ ಅಡ್ಡವೇ ಇರಲಿ. ಅಂಚುಗಳನ್ನು ಕಾಗದದಷ್ಟು ತೆಳುವಾಗುವವರೆಗೆ ಉಜ್ಜಿ.

ಬ್ರಿಡ್ಜ್ ಕೆಳಗೆ, ಟಾಪ್‌ನ ಒಳಬದಿಗೆ ಅಂಟಿಸಿರುವ ಮರದ ಪ್ಲೇಟನ್ನೂ ಕನ್ನಡಿ ಹಿಡಿದು ನೋಡಿ. ಅದನ್ನು ಬದಲಾಯಿಸಬೇಕಾಗಿ ಬಂದರೆ ಎಳೆ ಓರೆಯಾಗಿರಲಿ. ಪ್ಲೇಟಿನ ಎಳೆಯನ್ನು ಬ್ರಿಡ್ಜ್‌ನ ಎಳೆಯ ದಿಕ್ಕಿಗೇ ಹಾಕಿದರೆ ತಂತಿ ಸಿಕ್ಕಿಸುವ ಆರು ಪಿನ್ ತೂತುಗಳೂ ಒಂದೇ ಎಳೆಯ ಮೇಲೆ ಬಂದು, ಅಂಚೆಚೀಟಿ ಹರಿದ ಹಾಗೆ ಸೀಳುತ್ತದೆ.

ಇವತ್ತೇ ಅಂಟು ಹಚ್ಚಬೇಡಿ. ತಂತಿ ಸಡಿಲಿಸಿ, ಗಿಟಾರನ್ನು ಒಂದು ವಾರ 50 ಶೇಕಡ ಆರ್ದ್ರತೆಯಲ್ಲಿ ಇಡಿ. ನನ್ನ ಮೂರು ಬಿರುಕುಗಳಲ್ಲಿ ಎರಡು ಕ್ಲಾಂಪ್ ಇಲ್ಲದೆ ತಾವಾಗೇ ಮುಚ್ಚಿಕೊಂಡವು.