ಕ್ಷುದ್ರಗ್ರಹಕ್ಕೂ ಚಂದ್ರ ಇರುತ್ತಾ? ಅಷ್ಟು ಚಿಕ್ಕ ಕಲ್ಲು ಇನ್ನೊಂದನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತೆ?

ಇರುತ್ತೆ. ನಿಮ್ಮ ಅನುಮಾನ ನನಗೂ ಇತ್ತು. ಅನುಮಾನ ಏನು, ಒಮ್ಮೆ ಮಕ್ಕಳ ಮುಂದೆ ನಿಂತು ‘ಗ್ರಹಗಳಿಗೆ ಮಾತ್ರ ಚಂದ್ರ’ ಅಂತ ಹೇಳಿಯೂ ಬಿಟ್ಟಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ‘ಹಾಗಾದ್ರೆ ಐಡಾ, ಸರ್?’ ಅಂದಳು. ಮನೆಗೆ ಬಂದು ಹುಡುಕಿದೆ. ಅವಳು ಹೇಳಿದ್ದೇ ಸರಿ.

ಐಡಾ ಒಂದು ಕ್ಷುದ್ರಗ್ರಹ. ಇರೋದು ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹಗಳ ಪಟ್ಟಿಯಲ್ಲಿ. ಕಲ್ಲಿನ ಜಾತಿಯದು. 1884ರಲ್ಲಿ ವಿಯೆನ್ನಾದಲ್ಲಿ ಯೋಹಾನ್ ಪಲೀಸಾ ಕಂಡುಹಿಡಿದರು. ಉದ್ದ ಸುಮಾರು 60 ಕಿ.ಮೀ., ಅಗಲ ಅದರ ಅರ್ಧಕ್ಕೂ ಕಮ್ಮಿ. ನೋಡೋಕೆ ಥೇಟ್ ಗೆಣಸು.

1993ರ ಆಗಸ್ಟ್ 28ರಂದು ನಾಸಾದ ಗೆಲಿಲಿಯೋ ನೌಕೆ ಗುರುವಿನ ಕಡೆ ಹೋಗುತ್ತಾ ಇದರಿಂದ ಸುಮಾರು 2,400 ಕಿ.ಮೀ. ದೂರದಲ್ಲಿ ಹಾದುಹೋಯಿತು. ಫೋಟೊ ತೆಗೆದಿದ್ದೇನೋ ಆಯ್ತು, ಕಳಿಸೋದು ಹೇಗೆ? ಅದರ ದೊಡ್ಡ ಆಂಟೆನಾ ಕೊಡೆಯ ಹಾಗೆ ಬಿಚ್ಚಿಕೊಳ್ಳಬೇಕಿತ್ತು. 1991ರಲ್ಲಿ ಬಿಚ್ಚೋಕೆ ಹೋದಾಗ ಕೆಲವು ಕಡ್ಡಿಗಳು ಸಿಕ್ಕಿಹಾಕಿಕೊಂಡು ಅರ್ಧಕ್ಕೇ ನಿಂತುಬಿಟ್ಟಿತ್ತು. ಉಳಿದದ್ದು ಚಿಕ್ಕ ಆಂಟೆನಾ, ಸೆಕೆಂಡಿಗೆ 40 ಬಿಟ್. ಒಂದು ಪೂರ್ತಿ ಚಿತ್ರ ಅಂದರೆ 800 ಸಾಲು, ಸಾಲಿಗೆ 800 ಚುಕ್ಕಿ, ಚುಕ್ಕಿಗೆ 8 ಬಿಟ್. ನೀವೇ ಗುಣಿಸಿ ನೋಡಿ: ಒಂದೇ ಫೋಟೊಗೆ 35 ಗಂಟೆ! ನಾವು ವಾಟ್ಸಾಪ್‌ನಲ್ಲಿ ಚಕ್ರ ಎರಡು ಸಲ ಸುತ್ತಿದರೆ ಬೈಯುತ್ತೇವೆ.

ಹಾಗಾಗಿ ಚಿತ್ರಗಳು ನೌಕೆಯ ಟೇಪಿನಲ್ಲೇ ತಿಂಗಳುಗಟ್ಟಲೆ ಕೂತಿದ್ದವು. ಮೊದಲು ಅಲ್ಲೊಂದು ಇಲ್ಲೊಂದು ಸಾಲು ತರಿಸಿಕೊಂಡು, ಐಡಾ ಎಲ್ಲಿ ಸಿಕ್ಕಿದೆ ನೋಡಿ, ಆಮೇಲೆ ಬೇಕಾದಷ್ಟು ಭಾಗ ಮಾತ್ರ ತರಿಸುತ್ತಿದ್ದರು. 1994ರ ಫೆಬ್ರವರಿ 17ರಂದು ಹೀಗೆ ಬಂದದ್ದನ್ನು ನೋಡುತ್ತಿದ್ದ ಗೆಲಿಲಿಯೋ ತಂಡದ ಆನ್ ಹಾರ್ಚ್ ಅವರಿಗೆ ಐಡಾ ಪಕ್ಕದಲ್ಲಿ ಇನ್ನೊಂದು ಚೂರು ಕಂಡಿತು. ನೌಕೆಯ ಇನ್‌ಫ್ರಾರೆಡ್ ಉಪಕರಣದಲ್ಲೂ ಅದೇ ಚೂರು. ಒಂದೂವರೆ ಕಿ.ಮೀ. ಅಗಲದ ಚಂದ್ರ! ಡಾಕ್ಟಿಲ್ ಅಂತ ಹೆಸರಿಟ್ಟರು. ಕ್ಷುದ್ರಗ್ರಹವೊಂದಕ್ಕೆ ಚಂದ್ರ ಇದೆ ಅಂತ ಖಾತ್ರಿಯಾಗಿದ್ದು ಅದೇ ಮೊದಲು.

ಇನ್ನು ಹಿಡಿದಿಟ್ಟುಕೊಳ್ಳೋ ವಿಷಯ. ಐಡಾದ ಸೆಳೆತ ತೀರಾ ಕಮ್ಮಿ. 60 ಕೆ.ಜಿ. ತೂಗುವವರು ಅಲ್ಲಿ ಹೆಚ್ಚೂಕಮ್ಮಿ ಒಂದು ಕೋಳಿಮೊಟ್ಟೆಯಷ್ಟು ತೂಗಬಹುದು. ಆದರೆ ಡಾಕ್ಟಿಲ್ ಕೂಡ ನಿಧಾನಸ್ಥ. ಸೆಕೆಂಡಿಗೆ ಸುಮಾರು 10 ಮೀಟರ್, ಅಂದರೆ ಊರೊಳಗೆ ಬಸ್ಸು ಹೋಗುವ ವೇಗ. ಅಷ್ಟು ನಿಧಾನ ಹೋಗುವುದನ್ನು ಬಗ್ಗಿಸಿ ಸುತ್ತಿಸೋಕೆ ಆ ಸೆಳೆತ ಸಾಕು. ಇದೇ ವೇಗದಿಂದ ಐಡಾದ ತೂಕದ ಅಂದಾಜೂ ಸಿಕ್ಕಿತು. ನೀರಿಗಿಂತ ಎರಡರಿಂದ ಮೂರು ಪಟ್ಟು ಸಾಂದ್ರ. ಕಬ್ಬಿಣದ ಗಟ್ಟಿಯಾಗಿದ್ದರೆ ಏಳೆಂಟು ಪಟ್ಟು ಬರಬೇಕಿತ್ತು ಅಲ್ವಾ? ಕಲ್ಲು ಅನ್ನೋದು ಅಲ್ಲಿಗೆ ಗಟ್ಟಿಯಾಯ್ತು.

ನನಗೆ ಜಾಸ್ತಿ ಇಷ್ಟವಾದದ್ದು ಬಣ್ಣದ ಕಥೆ. ಭೂಮಿಗೆ ಅತಿ ಹೆಚ್ಚು ಬೀಳುವ ಉಲ್ಕಾಶಿಲೆಗಳು ಇಂಥ ಕಲ್ಲಿನ ಕ್ಷುದ್ರಗ್ರಹಗಳಿಂದಲೇ ಬರಬೇಕು ಅನ್ನೋ ಊಹೆ ಇತ್ತು, ಆದರೆ ಬಣ್ಣ ತಾಳೆಯಾಗುತ್ತಿರಲಿಲ್ಲ. ಐಡಾದಲ್ಲಿ ನೋಡಿದರೆ ಹೊಸ ಕುಳಿಗಳ ಸುತ್ತ ಒಂದು ಬಣ್ಣ, ಹಳೆ ನೆಲ ಇನ್ನೂ ಕೆಂಪು. ಬಿಸಿಲು, ಸೌರಮಾರುತ (ಸೂರ್ಯನಿಂದ ಹೊಮ್ಮುವ ಕಣಗಳು), ಸಣ್ಣ ಧೂಳಿನ ಹೊಡೆತ ತಿಂದು ಮೇಲ್ಮೈ ಬಣ್ಣಗೆಟ್ಟಿದೆ, ಅಷ್ಟೇ. ಜಪಾನಿನ ಹಯಾಬುಸಾ ನೌಕೆ 2010ರಲ್ಲಿ ಇಟೊಕಾವಾ ಅನ್ನೋ ಇಂಥದೇ ಕಲ್ಲಿನ ಕ್ಷುದ್ರಗ್ರಹದಿಂದ ತಂದ ಧೂಳು ಇದನ್ನೇ ಹೇಳಿತು.

ಈಗ ಇಂಥ ಜೋಡಿಗಳು ನೂರಾರು ಸಿಕ್ಕಿವೆ. 2023ರ ನವೆಂಬರ್‌ನಲ್ಲಿ ಲೂಸಿ ನೌಕೆ ಡಿಂಕಿನೇಶ್ ಅನ್ನೋ ಪುಟ್ಟ ಕಲ್ಲಿನ ಪಕ್ಕ ಹೋದಾಗ ಅದಕ್ಕೂ ಒಂದು ಚಂದ್ರ. ಅದೂ ಒಂದೇ ಉಂಡೆಯಲ್ಲ, ಒಂದಕ್ಕೊಂದು ಅಂಟಿಕೊಂಡ ಎರಡು ಉಂಡೆ.