ಮಿಲ್ಲಿನ ಬುಡದಲ್ಲಿ ಬೀಸುವ ಕಲ್ಲು

ಪ್ರಶ್ನೆ: ಹತ್ತಿ ಮಿಲ್‌ಗಳಿಂದಾಗಿ ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಹಿಟ್ಟಿನ ಮಿಲ್‌ನಲ್ಲಿ ಬೀಸುತ್ತಾರೆ, ಸರಿ. ಹತ್ತಿ ಮಿಲ್‌ನಲ್ಲಿ ಬೀಸುವುದೇನು?
– ಓದುಗರು, ದಾವಣಗೆರೆ

ಏನೂ ಇಲ್ಲ. ನೂಲುತ್ತಾರೆ, ನೇಯುತ್ತಾರೆ. ಆದರೆ ಹೆಸರು ಬಂದದ್ದು ಬೀಸುವ ಕಲ್ಲಿನಿಂದಲೇ. ಲ್ಯಾಟಿನ್ನಿನಲ್ಲಿ ‘ಮೋಲ’ ಅಂದರೆ ಬೀಸುವ ಕಲ್ಲು, ‘ಮೋಲೆರೆ’ ಅಂದರೆ ಬೀಸುವುದು, ಬೀಸುವ ಜಾಗ ‘ಮೋಲಿನ’. ಇದು ಹಳೆಯ ಇಂಗ್ಲಿಷಿಗೆ ‘ಮಿಲೆನ್’ ಆಗಿ ಬಂತು. ಕಾಲಾಂತರದಲ್ಲಿ ಕೊನೆಯ ನಕಾರ ಸವೆದು ‘ಮಿಲ್’ ಉಳಿಯಿತು. ಆ ನಕಾರ ಪೂರ್ತಿ ಹೋಗಿಲ್ಲ, ಮಿಲ್ನರ್ ಎಂಬ ಮನೆತನದ ಹೆಸರಿನಲ್ಲಿ ಈಗಲೂ ಕೂತಿದೆ. ಮಿಲ್ಲರ್, ಮಿಲ್ನರ್ ಇಬ್ಬರೂ ಹಿಟ್ಟು ಬೀಸುವವರೇ.

ಕಲ್ಲನ್ನು ಕೈಯಲ್ಲಿ ತಿರುಗಿಸುವ ಕಷ್ಟ ತಪ್ಪಿಸಲು ನೀರಿನ ಚಕ್ರ ಬಂತು. ಚಕ್ರ ಒಮ್ಮೆ ತಿರುಗತೊಡಗಿದರೆ ಅದಕ್ಕೆ ಕಲ್ಲನ್ನೇ ಕಟ್ಟಬೇಕೆಂದಿಲ್ಲವಲ್ಲ. ಗರಗಸ ಕಟ್ಟಿದರು, ಸಾ ಮಿಲ್ ಆಯಿತು. ಕಾಗದಕ್ಕೆ ಬೇಕಾದ ಚಿಂದಿಬಟ್ಟೆ ಜಜ್ಜುವ ಸುತ್ತಿಗೆ ಕಟ್ಟಿದರು, ಪೇಪರ್ ಮಿಲ್ ಆಯಿತು. 1771ರಲ್ಲಿ ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನಲ್ಲಿ ರಿಚರ್ಡ್ ಆರ್ಕ್‌ರೈಟ್ ನೂಲುವ ಯಂತ್ರಗಳನ್ನು ಇಂಥ ಚಕ್ರದಿಂದಲೇ ಓಡಿಸಲು ಕಟ್ಟಡ ಶುರುಮಾಡಿದ, ಅದೂ ಮಿಲ್ಲೇ. ಮುಂದೆ ಉಗಿ ಬಂತು, ಕರೆಂಟು ಬಂತು, ಹೆಸರು ಮಾತ್ರ ಕದಲಲಿಲ್ಲ.

ಈ ವಿಷಯದಲ್ಲಿ ಕನ್ನಡದ ಲೆಕ್ಕ ಹೆಚ್ಚು ಚೊಕ್ಕ ಎನ್ನಬೇಕು. ರಾಗಿಗೆ ಬೀಸುವ ಕಲ್ಲು, ಎಣ್ಣೆಗೆ ಗಾಣ, ಕಬ್ಬಿಗೆ ಆಲೆ. ಇಂಗ್ಲಿಷಿನವರಿಗೆ ಮೂರೂ ಮಿಲ್. ನಿಮ್ಮೂರಿನ ಮಂಡಕ್ಕಿ ‘ಭಟ್ಟಿ’ಯನ್ನು ಯಾರೂ ಮಂಡಕ್ಕಿ ಮಿಲ್ ಅನ್ನದಿರುವುದಕ್ಕೂ ಕಾರಣವಿದೆ: ಅಲ್ಲಿ ಮುಖ್ಯ ಕೆಲಸ ಬೆಂಕಿಯದು.

ಹತ್ತಿ ಮಿಲ್‌ಗೆ ಹೋಗುವ ಮೊದಲು ಜಿನ್ನಿಗೆ ಹೋಗುತ್ತದೆ. ಬೀಜ ಬಿಡಿಸಿ ಅರಳೆ ತೆಗೆಯುವ ಜಾಗ ಅದು. ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಅರಳೆ, ಉಳಿದದ್ದು ಬಹುಪಾಲು ಬೀಜ. ಈ ‘ಜಿನ್’ ಎಂಬುದು ‘ಎಂಜಿನ್’ನ ತುಂಡು. ಕುಡಿಯುವ ಜಿನ್‌ಗೂ ಇದಕ್ಕೂ ನಂಟಿಲ್ಲ, ಅದು ಜುನಿಪರ್ ಕಾಯಿಯ ಹೆಸರಿನಿಂದ ಬಂದದ್ದು.

ಪ್ರಶ್ನೆ: ನಮ್ಮ ಬೀದಿಯ ಗಿರಣಿಯ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ‘ಹೂವಿನ ಮಿಲ್’ ಎಂದು ಅರ್ಥವಾಗುವಂತೆ ಎಫ್-ಎಲ್-ಒ-ಡಬ್ಲ್ಯು-ಇ-ಆರ್ ಎಂದು ಬರೆಸಿದ್ದಾರೆ. ತಿದ್ದಿಸಲು ಹೇಳಲೇ?
– ಶಿಕ್ಷಕಿ, ಹರಿಹರ

ಹೇಳಿ, ಆದರೆ ನಗಬೇಡಿ. ಹಿಟ್ಟಿಗೆ ಇಂದಿನ ಕಾಗುಣಿತ ಎಫ್-ಎಲ್-ಒ-ಯು-ಆರ್. ಆದರೆ ಮೂಲದಲ್ಲಿ ಎರಡೂ ಒಂದೇ ಪದ. ಬೀಸಿ, ಜರಡಿ ಹಿಡಿದ ಮೇಲೆ ಉಳಿಯುವ ನುಣುಪಾದ, ಉತ್ತಮವಾದ ಭಾಗವನ್ನು ಧಾನ್ಯದ ‘ಹೂವು’ ಅನ್ನುತ್ತಿದ್ದರು. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಕೂಡ ಈ ಎರಡು ಕಾಗುಣಿತಗಳನ್ನು ಬೇರೆ ಮಾಡಿರಲಿಲ್ಲ. ಉಚ್ಚಾರ ಇಂದಿಗೂ ಒಂದೇ: ‘ಫ್ಲವರ್’. ನಿಜವಾದ ತಪ್ಪು ಇರುವುದು ನಾವು ಹೇಳುವ ‘ಫ್ಲೋರ್ ಮಿಲ್’ನಲ್ಲಿ, ಫ್ಲೋರ್ ಅಂದರೆ ನೆಲ.

ಜರಡಿ ಹಿಡಿಯದ ತರಿಹಿಟ್ಟಿಗೆ ಇಂಗ್ಲಿಷಿನಲ್ಲಿ ‘ಮೀಲ್’. ಇದೂ ಬೀಸುವ ಬೇರಿನದೇ ಮಾತು. ಹೋಟೆಲಿನ ಬಾಗಿಲಲ್ಲಿ ‘ಮೀಲ್ಸ್ ರೆಡಿ’ ಎಂದು ತೂಗುಹಾಕುತ್ತಾರಲ್ಲ, ಆ ಮೀಲ್ ಬೇರೆ: ಗೊತ್ತುಮಾಡಿದ ಹೊತ್ತು ಎಂಬರ್ಥದ ಹಳೆಯ ಪದದಿಂದ ಹುಟ್ಟಿ, ಹೊತ್ತಿನ ಊಟವಾಯಿತು.

ಪ್ರಶ್ನೆ: ಪಿಂಚಣಿ ಕಾಗದಗಳಲ್ಲಿ ಕಾಣುವ ‘ಎಮಾಲ್ಯುಮೆಂಟ್ಸ್’ಗೂ ಮಿಲ್‌ಗೂ ಸಂಬಂಧವಿದೆಯಂತೆ, ಹೌದೇ?
– ನಿವೃತ್ತ ನೌಕರರು, ಹಿರಿಯೂರು

ಹೌದು. ಎಮಾಲ್ಯುಮೆಂಟ್ಸ್ ಅಂದರೆ ಕೆಲಸಕ್ಕೆ ಸಿಗುವ ಸಂಬಳ, ಭತ್ಯೆ. ಅದರ ಮೂಲವಾದ ಲ್ಯಾಟಿನ್ನಿನ ‘ಎಮೋಲುಮೆಂಟುಮ್’ ಮೊದಲಿಗೆ ಪ್ರಾಯಶಃ ಬೀಸುವವನಿಗೆ ಕೊಡುತ್ತಿದ್ದ ಕೂಲಿ. ಬಾಯಲ್ಲಿ ಬೀಸುವ ಕೆಲಸ ಮಾಡುವ ದವಡೆ ಹಲ್ಲಿಗೆ ‘ಮೋಲಾರ್’ ಎಂಬ ಹೆಸರು ಬಂದದ್ದೂ ಇದೇ ಬೇರಿನಿಂದ. ‘ಮಿಲಿಯನ್’, ‘ಮಿಲಿಮೀಟರ್’ಗಳನ್ನು ಈ ಸಾಲಿಗೆ ಸೇರಿಸಬೇಡಿ, ಅವು ಸಾವಿರ ಎಂಬರ್ಥದ ‘ಮಿಲ್ಲೆ’ಯ ಮಕ್ಕಳು.

ಪ್ರಶ್ನೆ: ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ವಿಂಡ್‌ಮಿಲ್ ಅನ್ನುವುದು ತಪ್ಪೇ?
– ವಿದ್ಯಾರ್ಥಿ, ಚಿತ್ರದುರ್ಗ

ಮಾತಿನಲ್ಲಿ ತಪ್ಪಲ್ಲ. ವಿಜ್ಞಾನದ ಉತ್ತರ ಪತ್ರಿಕೆಯಲ್ಲಿ ‘ವಿಂಡ್ ಟರ್ಬೈನ್’ ಎಂದೇ ಬರೆಯಿರಿ. ವಿಂಡ್‌ಮಿಲ್ ಗಾಳಿಯ ಬಲದಿಂದ ಧಾನ್ಯ ಬೀಸುತ್ತಿತ್ತು, ನೀರೆತ್ತುತ್ತಿತ್ತು. ಗುಡ್ಡದ ಮೇಲಿನದು ಕರೆಂಟು ಮಾಡುತ್ತದೆ. ರೆಕ್ಕೆ ನಿಮಿಷಕ್ಕೆ ಹದಿನೈದೋ ಇಪ್ಪತ್ತೋ ಸುತ್ತು ಮಾತ್ರ ತಿರುಗುವುದರಿಂದ, ಹಲವು ಯಂತ್ರಗಳಲ್ಲಿ ನಡುವೆ ಗೇರ್‌ಬಾಕ್ಸ್ ಇಟ್ಟು ಜನರೇಟರಿಗೆ ಬೇಕಾದ ವೇಗಕ್ಕೆ ಏರಿಸುತ್ತಾರೆ. ಟರ್ಬೈನ್‌ನ ಮೂಲವೂ ಸೊಗಸಾಗಿದೆ: ಲ್ಯಾಟಿನ್ನಿನ ‘ಟುರ್ಬೊ’, ಅಂದರೆ ಬುಗುರಿ.

ಅಸಲಿ ಮಿಲ್ ನೋಡಬೇಕಿದ್ದರೆ ನಿಮ್ಮೂರಿನ ಕೋಟೆಯೊಳಗಿನ ತಗ್ಗಿಗೆ ಇಳಿಯಿರಿ. ಅಲ್ಲಿರುವ ಭಾರಿ ಬೀಸುವ ಕಲ್ಲುಗಳು ಸಿಡಿಮದ್ದು ಅರೆಯುವುದಕ್ಕೆ ಇದ್ದವು. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ‘ಪೌಡರ್ ಮಿಲ್’ ಎನ್ನುತ್ತಾರೆ. ಕರಿಮದ್ದಿನ ಸಾಮಾನ್ಯ ಪ್ರಮಾಣ ನೂರಕ್ಕೆ ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10. ಬರೀ ಬೆರೆಸಿದರೆ ಸಾಲದು; ಮೂರೂ ಒಂದರೊಳಗೊಂದು ಅರೆದು ಕೂರದಿದ್ದರೆ ಮದ್ದು ನಿಧಾನವಾಗಿ ಸುಯ್ಯೆಂದು ಉರಿಯುತ್ತದೆಯೇ ಹೊರತು ಗುಂಡನ್ನು ತಳ್ಳುವುದಿಲ್ಲ. ಒಣಗಿದ್ದಾಗ ಅರೆದರೆ ಕಿಡಿ ಹಾರುವ ಭಯ, ಅದಕ್ಕೇ ಪೌಡರ್ ಮಿಲ್‌ಗಳಲ್ಲಿ ತೇವ ಮಾಡಿ ಅರೆಯುತ್ತಿದ್ದರು.

ಪ್ರಶ್ನೆ: ‘ರನ್ ಆಫ್ ದ ಮಿಲ್’ ಅಂದರೆ ಮಿಲ್ ನಡೆಸುವುದೇ?
– ಪಿಯುಸಿ ವಿದ್ಯಾರ್ಥಿನಿ, ಹೊಳಲ್ಕೆರೆ

ಅಲ್ಲ. ಇಲ್ಲಿ ‘ರನ್’ ನಾಮಪದ: ಮಿಲ್ಲಿನಿಂದ ಒಂದು ಸಲಕ್ಕೆ ಹೊರಬಿದ್ದ ಮಾಲು. ಒಳ್ಳೆಯದು, ಕಳಪೆ ಎಂದು ಇನ್ನೂ ವಿಂಗಡಿಸದ ಸರಕು. ಅದರಿಂದ ‘ಸಾಧಾರಣವಾದ, ವಿಶೇಷವೇನೂ ಇಲ್ಲದ’ ಎಂಬ ಅರ್ಥ. ಕೆಟ್ಟದ್ದು ಎಂದು ಬಳಸಿದರೆ ತಪ್ಪು. ನಾಮಪದಕ್ಕಿಂತ ಮೊದಲು ಬಂದಾಗ ನಡುವೆ ಅಡ್ಡಗೆರೆಗಳನ್ನು ಹಾಕಿ.

‘ಟ್ರೆಡ್‌ಮಿಲ್’ ಬಗ್ಗೆಯೂ ನೀವು ಕೇಳಿದ್ದೀರಿ. ಟ್ರೆಡ್ ಅಂದರೆ ತುಳಿ. ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ 1818ರ ಸುಮಾರಿಗೆ ಜೈಲುಗಳಿಗೆಂದು ಇದನ್ನು ರೂಪಿಸಿದ; ಅಗಲವಾದ ಚಕ್ರದ ಮೆಟ್ಟಿಲುಗಳನ್ನು ಕೈದಿಗಳು ಸಾಲಾಗಿ ನಿಂತು ಗಂಟೆಗಟ್ಟಲೆ ತುಳಿಯಬೇಕಿತ್ತು. ಕೆಲವು ಕಡೆ ಆ ಚಕ್ರ ನಿಜವಾಗಿಯೂ ಧಾನ್ಯ ಬೀಸುತ್ತಿತ್ತು. ಈಗ ಅದರ ಮೇಲೆ ಓಡಲು ಜನ ಜಿಮ್‌ಗೆ ತಿಂಗಳ ಫೀಸು ಕಟ್ಟುತ್ತಾರೆ.