ಪ್ರತಿಕ್ರಿಯೆ: 17ರ ಹುಡುಗನ ಮೊಣಕಾಲಿಗೆ ವರ್ಷವೇಕೆ ಬೇಕು?

ಬಾರ್ಸಿಲೋನಾ ಫುಟ್ಬಾಲ್ ತಂಡದ ಮಾರ್ಕ್ ಬೆರ್ನಾಲ್‌ಗೆ 2024ರಲ್ಲಿ ಮೊಣಕಾಲಿನ ಎಸಿಎಲ್ ಹರಿದಾಗ ಬರೀ 17, ಎಳೆ ಮೈ ಬೇಗ ಕೂಡಿಕೊಳ್ಳಬೇಕಲ್ಲ, ಆರು ತಿಂಗಳಿಗೇ ಯಾಕೆ ಆಡಿಸಲಿಲ್ಲ ಅಂತ ಕೇಳಿದ್ದೀರಿ. ಎಸಿಎಲ್ ಅಂದರೆ ಮಂಡಿಯೊಳಗೆ ತೊಡೆಮೂಳೆಯನ್ನೂ ಮೊಣಕಾಲಿನ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಅಸ್ಥಿರಜ್ಜು, ಅದರ ವಿಷಯದಲ್ಲಿ ಲೆಕ್ಕ ಉಲ್ಟಾ. ಹರಿದ ಅಸ್ಥಿರಜ್ಜುವನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ಆಟಗಾರನದೇ ತೊಡೆಯ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸುತ್ತಾರೆ. ಮೊದಲ ಎರಡು ಮೂರು ತಿಂಗಳಲ್ಲಿ ಅದು ಗಟ್ಟಿಯಾಗುವ ಬದಲು ಇನ್ನಷ್ಟು ದುರ್ಬಲವಾಗುತ್ತದೆ, ರಕ್ತನಾಳ ಬೆಳೆದ ಮೇಲಷ್ಟೇ ಬಲ ಬರುತ್ತದೆ. ನೋವು, ಊತ ಅದಕ್ಕೂ ಮುಂಚೆಯೇ ಹೋಗಿರುತ್ತವೆ. ಹುಡುಗರು ಮೋಸ ಹೋಗುವುದು ಇಲ್ಲೇ! ಮತ್ತೆ ಹರಿಯುವ ಅಪಾಯ ಹದಿಹರೆಯದವರಲ್ಲೇ ಹೆಚ್ಚು, ಆರೋಗ್ಯವಾಗಿದ್ದ ಇನ್ನೊಂದು ಕಾಲಿಗೂ ಸೇರಿ. ಒಂಬತ್ತು ತಿಂಗಳಿಗಿಂತ ಮುಂಚೆ ಇಳಿಸಬಾರದು, ತೊಡೆಯ ಬಲ ಇನ್ನೊಂದು ಕಾಲಿನ 90% ಆದರೂ ಮುಟ್ಟಿರಬೇಕು ಅನ್ನುವುದು ಅದಕ್ಕೇ. ಬೆರ್ನಾಲ್‌ಗೆ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಕೂಡ ಹರಿದಿತ್ತು, ಹಾಗಾಗಿ ವರ್ಷ ದಾಟಿದ್ದು ಸರಿಯೇ.

ಅದೇ ತಂಡದ ಗಾವಿಯನ್ನೇ ನೋಡಿ, ಅವನದೂ ಎಸಿಎಲ್ಲೇ. 2023ರ ನವೆಂಬರ್‌ನಲ್ಲಿ ಜಾರ್ಜಿಯಾ ವಿರುದ್ಧ ಬಿದ್ದವನು ಮರಳಿದ್ದು 2024ರ ಅಕ್ಟೋಬರ್‌ನಲ್ಲಿ, ಅದೂ ಸೆವಿಯಾ ಪಂದ್ಯದ ಕೊನೆಯ ಕೆಲವೇ ನಿಮಿಷ. ಮರಳಿದವನನ್ನು ಮೊದಲು ಹೀಗೇ ಹತ್ತು ಹದಿನೈದು ನಿಮಿಷ ಇಳಿಸಬೇಕು. ದಣಿದಾಗ ಮಂಡಿ ಒಳಕ್ಕೆ ವಾಲುತ್ತದೆ, ಹಾಗೆ ವಾಲಿದಾಗ ಹರಿಯುವ ಅಪಾಯವಿದೆ.

ಬೆರ್ನಾಲ್ ಹೊರಗುಳಿದಾಗ ತಂಡದಲ್ಲಿ ಅವನ ಜಾಗಕ್ಕೆ ಇನ್ನೊಬ್ಬ ಹುಡುಗ ಮಾರ್ಕ್ ಕಸಾಡೊ ಬಂದು ನಿಂತ, ಚೆನ್ನಾಗಿಯೇ ಆಡಿದ. ಆದರೆ ನನಗೆ ಹೆಚ್ಚು ಭಯ ಇರುವುದು ಹೀಗೆ ಒಮ್ಮೆಲೇ ಹೊರೆ ಬೀಳುವ ಹುಡುಗರ ಬಗ್ಗೆ. 2021ರಲ್ಲಿ ಇದೇ ತಂಡದ ಪೆದ್ರಿಯನ್ನು ಪೂರ್ತಿ ಸೀಸನ್ ಆಡಿಸಿ, ಯೂರೋ ಕಪ್‌ಗೂ ಟೋಕಿಯೊ ಒಲಿಂಪಿಕ್ಸ್‌ಗೂ ಕಳಿಸಿದರು. ಆಮೇಲೆ ತೊಡೆಯ ಸ್ನಾಯು ಎಷ್ಟು ಸಲ ಕೈಕೊಟ್ಟಿತು ನಿಮಗೇ ಗೊತ್ತು.